ಮಡಿಯಲ್ಲಿ ಕುಂಗ್‌ಫು

"ಇವತ್ತಿನಿಂದ ಈ ಮನಿಯೊಳಗ ಕುಂಗ್‌ಫು ಬಂದ್!" ಎಂದು ಸುಶೀಲೇಂದ್ರ ಘೋಷಣೆ ಹೊರಡಿಸಿದ. ಆದಿಲಶಾಹಿ ಕಾಲದ ಫರ್ಮಾನೂ ಅಷ್ಟು ಗತ್ತಿನಲ್ಲಿ ಹೊರಟಿರಲಿಕ್ಕಿಲ್ಲ. ಹೆಂಡತಿ ಮೃಣಾಲ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

ಸುಶೀಲೇಂದ್ರ ವಿಜಯಪುರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಸಾಲದ ಅರ್ಜಿ ನೋಡುವ ಕಣ್ಣಿನಿಂದಲೇ ಇಡೀ ಜಗತ್ತನ್ನು ನೋಡುವವನು. ಏನು ಕಂಡರೂ ಮೊದಲು ತಿರಸ್ಕಾರ, ವಿಚಾರ ಆಮೇಲೆ. ಅವನ ತಾಯಿ ಸಖೂಬಾಯಿಗೆ ಊಟವಾದ ಮೇಲೆ ಟಿವಿಯಲ್ಲಿ ಕನ್ನಡಕ್ಕೆ ಡಬ್ ಆದ ಕುಂಗ್‌ಫು ಹಾಸ್ಯಚಿತ್ರ ನೋಡುವ ಚಟ. ಆ ಚಿತ್ರಗಳಾದರೂ ಎಂಥವು! ಎಲ್ಲಕ್ಕೂ ಸೇರಿ ಒಂದೇ ಗೋಡೆ. ಇವತ್ತು ಆ ಗೋಡೆ ಅರಮನೆ, ನಾಳೆ ಅದೇ ಖಾನಾವಳಿ. ಪೆಟ್ಟು ತಿಂದು ಬಿದ್ದ ಗೂಂಡಾಗಳೇ ಅಂಗಿ ಬದಲಿಸಿಕೊಂಡು ಮತ್ತೆ ಬಂದು ಪೆಟ್ಟು ತಿನ್ನುತ್ತಾರೆ. ಗುದ್ದು ಬೀಳುವ ಮೊದಲೇ ಗುದ್ದಿನ ಸಪ್ಪಳ ಬಂದು ಕಾಯುತ್ತಿರುತ್ತದೆ. ಗಾಳಿಯಲ್ಲಿ ಹಾರುವವನ ಬೆನ್ನಿಗೆ ಕಟ್ಟಿದ ತಂತಿ ನಮ್ಮ ಓಣಿಯ ಕೇಬಲ್ಲಿಗಿಂತ ಚೆನ್ನಾಗಿ ಕಾಣುತ್ತದೆ. ಬಾಯಿ ಮುಚ್ಚಿದ ಮೇಲೂ ಮಾತು ನಡೆದೇ ಇರುತ್ತದೆ, ಅದೂ ಬೆಂಗಳೂರಿನ ಕನ್ನಡದಲ್ಲಿ! ಇದನ್ನೆಲ್ಲ ಸುಶೀಲೇಂದ್ರ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮುಂಜಿವಿ ಮದುವೆಗಳಲ್ಲಿ ಕೈ ಆಡಿಸಿ ಹೇಳುತ್ತಿದ್ದ. ಇವನಿಗೆ ಇಷ್ಟೆಲ್ಲ ವಿವರ ಹೇಗೆ ಗೊತ್ತು ಎಂದು ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಸಖೂಬಾಯಿಯ ವಾದ ಬೇರೆ. "ಅಡ್ನಾಡಿ ಸಿನಿಮಾ ಅಂತ ನನಗೂ ಗೊತ್ತದೋ. ಆದ್ರ ಅದರಾಗ ಯಾರೂ ಅಳೂದಿಲ್ಲ. ನಿಮ್ಮ ಧಾರಾವಾಹಿಯೊಳಗ ವರ್ಷಗಟ್ಟಲೆ ಅಳ್ತಾರ, ಅಷ್ಟು ಅಳೂದು ನೋಡ್ಲಿಕ್ಕೆ ನನಗ ಆಯುಷ್ಯ ಎಲ್ಲದ?"

ಈ ಸಲದ ಫರ್ಮಾನಿಗೆ ಕಾರಣವಿತ್ತು. ಮಗಳು ಶರ್ವರಿ ಮತ್ತು ತಿಕೋಟಾದ ಅನೂಪ ಒಬ್ಬರನ್ನೊಬ್ಬರು ಮೆಚ್ಚಿ ವರ್ಷವಾಗಿತ್ತು. ಈ ಮನೆಯವರೆಲ್ಲ ಒಪ್ಪಿದ್ದರು. ಉಳಿದದ್ದು ಹುಡುಗನ ತಂದೆ ಸದಾಶಿವರಾಯರ ಒಪ್ಪಿಗೆ. ರಾಯರಿಗೆ ದ್ರಾಕ್ಷಿ ತೋಟವಿತ್ತು, ಒಣದ್ರಾಕ್ಷಿಯ ವ್ಯಾಪಾರವಿತ್ತು, ಅದಕ್ಕಿಂತ ಹೆಚ್ಚಾಗಿ ಮಡಿಯಿತ್ತು. ಎಂಥ ಮಡಿ! ಯಾರದೋ ಮನೆಯಲ್ಲಿ ನೀರಿನ ತಂಬಿಗೆಗೆ ಟವೆಲಿನ ತುದಿ ತಾಗಿತೆಂದು ಎಲೆ ಬಿಟ್ಟು ಎದ್ದು ಬಂದವರು. ನಗುವುದು ಅವರ ಜಾತಕದಲ್ಲೇ ಇರಲಿಲ್ಲ. ಅವರು ರವಿವಾರ ಮನೆ ನೋಡಲು ಊಟಕ್ಕೇ ಬರುತ್ತೇನೆಂದು ಹೇಳಿ ಕಳಿಸಿದ್ದರು. ಶರ್ವರಿ ಅಪ್ಪನ ಎದುರು ಕೈಮುಗಿಯುವುದೊಂದು ಬಾಕಿ. "ಅಪ್ಪಾ, ಅವತ್ತ ಒಂದ ದಿನ ನೀ ಭಾಷಣ ಮಾಡಬ್ಯಾಡ, ಏನೂ ಕೆಡವಬ್ಯಾಡ" ಎಂದಳು.

ರವಿವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಸ್ನಾನ ಮಾಡಿ ಮಡಿಯುಟ್ಟು ಅಡುಗೆಮನೆ ಸೇರಿದರು. ಇನ್ನು ಊಟ ಮುಗಿಯುವವರೆಗೆ ಹಾಸಿಗೆ, ಅರಿವೆ, ಮಡಿಯಲ್ಲದ ಮನುಷ್ಯರು, ಯಾವುದನ್ನೂ ಮುಟ್ಟುವಂತಿಲ್ಲ. ಹೊರಗಿನ ಕೋಣೆಯಲ್ಲಿ ಸುಶೀಲೇಂದ್ರನೊಬ್ಬನೇ ದಾಡಿ ಮಾಡಿಕೊಳ್ಳುತ್ತಿದ್ದ. ಬಾಗಿಲ ಕಡೆ ಒಮ್ಮೆ ನೋಡಿದ. ಟಿವಿ ಹಚ್ಚಿದ. ಬರೀ ದೋಷ ಹುಡುಕಲಿಕ್ಕೆ, ತಪ್ಪು ತಿಳಿಯಬಾರದು! ಇಸ್ತ್ರಿ ಅಂಗಡಿಯ ಮುದುಕನೊಬ್ಬ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಗೂಂಡಾಗಳನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ. ಮುದುಕ ಗೋಡೆ ಏರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಸುಶೀಲೇಂದ್ರ ವಿದ್ಯುತ್ ಇಲಾಖೆಗೆ ಶಾಪ ಹಾಕಿ, ರಿಮೋಟನ್ನು ದಿವಾನದ ಗಾದಿಯ ಮೇಲೆ ಒಗೆದು ಸ್ನಾನಕ್ಕೆ ಹೋದ. ಟಿವಿ ಆರಿಸಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.

ರಾಯರು ಬಂದರು. ಅವರು ತಂದ ಒಣದ್ರಾಕ್ಷಿಯ ಡಬ್ಬಿ ಕಪಾಟಿನ ಮೇಲೆ ಕೂತಿತು. ಇವರ ಮನೆಯಲ್ಲೇ ಸ್ನಾನ ಮಾಡಿ, ತಾವೇ ತಂದ ಮಡಿಪಂಚೆ ಉಟ್ಟು ಹೊರಗಿನ ಕೋಣೆಯಲ್ಲಿ ಹಾಕಿದ ಮಣೆಯ ಮೇಲೆ ಕೂತರು. ಶರ್ವರಿ ಎಲೆ ಅಡಿಕೆ ತರಲು ಗಾಂಧಿ ಚೌಕಕ್ಕೆ ಹೋಗಿದ್ದಳು. ಸುಶೀಲೇಂದ್ರನೂ ಮಡಿಗೆಂದು ರೇಷ್ಮೆ ಮಗುಟ ಉಟ್ಟು ತುಪ್ಪ ಬಡಿಸಲು ನಿಂತ. ರಾಯರು ಆಪೋಶನ ಮುಗಿಸಿ ಮೊದಲ ತುತ್ತು ಎತ್ತಿದರು. ಕರೆಂಟು ಬಂತು.

"ಹೂಂ! ಹಾ! ಎಲ್ಲಿ ಓಡ್ತೀಯೋ ಕತ್ತೆ!" ಎಂದು ಟಿವಿ ಒದರಿತು. ಆ ದರಿದ್ರ ಚಾನೆಲ್ಲಿನವರು ಬೆಳಿಗ್ಗೆ ತೋರಿಸಿದ್ದನ್ನೇ ಮಧ್ಯಾಹ್ನ ಮತ್ತೆ ತೋರಿಸುವವರು.

ರಾಯರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ಇದು ನಮ್ಮ ಅವ್ವನ ಸಿನಿಮಾ ಹುಚ್ಚ ರೀ" ಎಂದು ಸುಶೀಲೇಂದ್ರ ಹಲ್ಲು ಕಿರಿದ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಸಖೂಬಾಯಿ ಮಗನನ್ನು ನೋಡಿದ ನೋಟಕ್ಕೆ ಅವನ ಕೈಯಲ್ಲಿದ್ದ ತುಪ್ಪ ಮತ್ತೆ ಕಾಯಬೇಕು.

ಆರಿಸುವವರು ಯಾರು? ರಿಮೋಟು ಗಾದಿಯ ಮೇಲೆ. ಗಾದಿ ಮುಟ್ಟಿದರೆ ಮಡಿ ಹೋಯಿತು. ಟಿವಿಯ ಸ್ವಿಚ್ಚು ಅದೇ ದಿವಾನದ ಹಿಂದೆ. ಮೇನ್ ಸ್ವಿಚ್ಚು ಹೊರಗೆ, ಚಪ್ಪಲಿ ಬಿಡುವಲ್ಲಿ. ಮಗಳಿಗೆ ಫೋನು ಮಾಡೋಣವೆಂದರೆ ಫೋನು ಅಂಗಿಯ ಕಿಸೆಯಲ್ಲಿ, ಅಂಗಿ ಗೂಟದ ಮೇಲೆ. ಇಡೀ ಮನೆಯಲ್ಲಿ ಮೈಲಿಗೆಯ ಒಂದು ನರಪಿಳ್ಳೆಯಿಲ್ಲ!

ಆಗ ಅವನ ಕಣ್ಣಿಗೆ ಮಡಿಕೋಲು ಬಿತ್ತು. ಮೇಲಿನ ಗಳಕ್ಕೆ ಮಡಿಬಟ್ಟೆ ಏರಿಸುವ ಉದ್ದನೆಯ ಕೋಲು. ತುಪ್ಪದ ಗಿಂಡಿ ಕೆಳಗಿಟ್ಟು ಕೋಲು ಹಿಡಿದ. ದೂರ ನಿಂತು ತುದಿಯಿಂದ ರಿಮೋಟಿನ ಕೆಂಪು ಗುಂಡಿಗೆ ಗುರಿಯಿಟ್ಟು ಒತ್ತಿದ. ಧ್ವನಿ ಇಮ್ಮಡಿಯಾಯಿತು. ಇನ್ನೊಮ್ಮೆ ಒತ್ತಿದ. ಮುಮ್ಮಡಿಯಾಯಿತು. "ಏನ್ರೀ, ಸಾಕ್ರಿ" ಎಂದು ಮೃಣಾಲ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಸಿಟ್ಟು ಬಂದು ಅವನು ಕೋಲನ್ನು ಎತ್ತಿದ. ಅದು ತಿರುಗುತ್ತಿದ್ದ ಫ್ಯಾನಿಗೆ ಸಿಕ್ಕಿತು. ಫ್ಯಾನು ಅದನ್ನು ಕಪಾಟಿನ ಕಡೆ ಬೀಸಿತು. ಡಬ್ಬಿ ಉರುಳಿ ತಿಕೋಟಾದ ಒಣದ್ರಾಕ್ಷಿಯೆಲ್ಲ ನೆಲಕ್ಕೆ ಸುರಿಯಿತು. ಹಿಂದೆ ಸರಿದ ಸುಶೀಲೇಂದ್ರನ ಕಾಲು ಗಿಂಡಿಗೆ ಬಡಿದು ತುಪ್ಪ ಹರಿಯಿತು. ಮುಂದಿನದು ಆ ರೇಷ್ಮೆ ಮಗುಟದ ಮಹಿಮೆ! ಅಧಿಕಾರಿಗಳು ಕೂತ ಭಂಗಿಯಲ್ಲೇ ದ್ರಾಕ್ಷಿಯ ಮೇಲೆ ಜಾರುತ್ತ ಕೋಣೆ ದಾಟಿ, ದಿವಾನಕ್ಕೆ ಢಿಕ್ಕಿ ಹೊಡೆದು, ಹೇಗೋ ಅದರ ಮೇಲೆಯೇ ಅಂಗಾತ ಬಿದ್ದರು. ಬೆನ್ನಿಗೆ ತಂತಿ ಕಟ್ಟಿದ್ದರೂ ಇಷ್ಟು ಚೆನ್ನಾಗಿ ಹಾರುತ್ತಿರಲಿಲ್ಲ.

ಬಾಗಿಲಲ್ಲಿ ಶರ್ವರಿ ಎಲೆ ಅಡಿಕೆಯ ಪೊಟ್ಟಣ ಹಿಡಿದು ನಿಂತಿದ್ದಳು. ಅಪ್ಪನನ್ನು ನೋಡಿದಳು, ನೆಲ ನೋಡಿದಳು, ರಾಯರನ್ನು ನೋಡಿದಳು. ಕಣ್ಣು ತುಂಬಿ ಬಂದವು.

ಮಡಿಯಂತೂ ಹೋಗಿತ್ತು, ಇನ್ನು ಅಂಜಿಕೆ ಯಾತರದು? ರಿಮೋಟು ಕೈಗೆ ಬಂದಿತ್ತು. ಕೆಂಪು ಗುಂಡಿಯ ಮೇಲೆ ಬೆರಳೂ ಹೋಗಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಇಸ್ತ್ರಿಯ ಮುದುಕ ದಬಾರನೆ ಬಿದ್ದು ಕಣ್ಣು ಮುಚ್ಚಿದ. ಎಲೆಯ ಮುಂದಿನಿಂದ ರಾಯರ ನಿಟ್ಟುಸಿರು ಕೇಳಿಸಿತು.

"ಪಾಪ, ಮುದುಕ ಸತ್ತ" ಎಂದರು.

"ಸತ್ತಿಲ್ರೀ, ಸೋಗು ಹಾಕ್ಯಾನ" ಎಂದ ಸುಶೀಲೇಂದ್ರ, ಟಿವಿಯಿಂದ ಕಣ್ಣು ಕೀಳದೆ. "ಈಗ ಆ ಮೀಸಿಯಂವ ಹತ್ರ ಬಂದು ಬಗ್ಗತಾನ ನೋಡ್ರಿ, ಆವಾಗ ಮುದುಕ ಎದ್ದು ಅಂವನ ಮೀಸಿಗೇ ಇಸ್ತ್ರಿ ಮಾಡ್ತಾನ. ಮೂಲದಾಗ ಅದು ಅಂಟಿಸಿದ ಮೀಸಿ ರೀ, ಆ ಮುದುಕನ ಖರೇ ಮಗನ ಅಂವ."

ಮೃಣಾಲಳ ಕೈಯ ಸೌಟು ಸಾರಿನ ಪಾತ್ರೆಯ ಮೇಲೆ ನಿಂತುಬಿಟ್ಟಿತ್ತು. ಸಖೂಬಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತಾನು ಏನು ಒದರಿದೆ ಎಂಬುದು ಸುಶೀಲೇಂದ್ರನಿಗೆ ಆಗ ತಲೆಗೆ ಹೋಯಿತು. ದಿವಾನದ ಕೆಳಗೆ ಜಾಗವಿದ್ದರೆ ನುಗ್ಗಿಬಿಡುತ್ತಿದ್ದ.

ಮುದುಕ ಎದ್ದ. ಮೀಸೆಗೆ ಇಸ್ತ್ರಿ ಮಾಡಿದ. ಮೀಸೆ ಕಿತ್ತು ಬಂತು. ರಾಯರು ಎದ್ದು ಹೋಗದೆ ಎಲೆಯಲ್ಲಿದ್ದುದನ್ನೆಲ್ಲ ಊಟ ಮಾಡಿ, ಉತ್ತರಾಪೋಶನ ತೆಗೆದುಕೊಂಡು, ಕೈ ತೊಳೆದು ಬಂದರು. ದಿವಾನದ ಎದುರು ನಿಂತರು.

"ಮಗಳಿಗೆ ಆ ಎಲಿ ಅಡಿಕಿ ಈ ಕಡೆ ತರಲಿಕ್ಕೆ ಹೇಳ್ರಿ, ಮಾತು ಮುಗಸೂಣು" ಎಂದರು ರಾಯರು. "ಆದ್ರ ನಂದೊಂದು ಕರಾರು ಅದ."

"ಏನಿದ್ರೂ ಹೇಳ್ರಿ" ಎಂದ ಸುಶೀಲೇಂದ್ರ, ಮೈಗೆ ಅಂಟಿದ ದ್ರಾಕ್ಷಿ ಕೊಡವಿಕೊಳ್ಳುತ್ತ.

"ಬೀಗರ, ಇನ್ನ ಮುಂದ ಸಿನಿಮಾದ ಕಡೀಕ ಏನಾಗ್ತದ ಅಂತ ಮೊದಲ ಹೇಳಬ್ಯಾಡ್ರಿ."