ಐದು ಶನಿವಾರಗಳ ಹೊಟ್ಟೆಕಿಚ್ಚು

ಬನ್ನಿ, ಆ ಮಣೆ ಎಳ್ಕೊಂಡು ಹತ್ತಿರ ಕೂತ್ಕೊಳ್ಳಿ. ಒಲೆ ಕಡೆ ಕಾಲು ಚಾಚಿ, ಚಳಿ ಬಿಡುತ್ತೆ. ಎಲೆಅಡಿಕೆ ತಟ್ಟೆಯಲ್ಲಿದೆ, ಬೇಕಿದ್ದರೆ ಹಾಕ್ಕೊಳ್ಳಿ. ಮಧ್ಯೆ ಎದ್ದು ಹೋಗೋದು ಮಾತ್ರ ಬೇಡ. ಹಾಗೆ ಎದ್ದು ಹೋದವರ ಕತೆಯೇ ಇದು.

ಕೆಲವರಿಗೆ ಮಳೆ ಹಿಡಿದರೆ ಶೀತ ಆಗುತ್ತಲ್ಲ, ಹಾಗೆ ನನಗೆ ಬೇರೆ ಯಾರಾದರೂ ಚೆನ್ನಾಗಿ ಮಾತಾಡಿದರೆ ಹೊಟ್ಟೆಕಿಚ್ಚು ಆಗುತ್ತೆ. ವರ್ಷಕ್ಕೊಂದು ಸಲವಾದರೂ ಬಂದೇ ಬರುತ್ತೆ. ಬಂದಾಗೆಲ್ಲ ಏನಾದರೊಂದು ನಗೆಪಾಟಲು ಆಗೇ ಆಗುತ್ತೆ. ಆದರೆ ಆ ವರ್ಷ ಬಂದಂಥದ್ದು ಮತ್ತೆ ಬಂದಿಲ್ಲ.

ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿದ್ದ ಹೊಸತು. ನಾವು ದೇವರಮನೆ ಗುಡ್ಡದ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿದ್ದೆವು. ಕೂಲಿಯವರ ಹತ್ತು ಮನೆ ಸಾಲಾಗಿ, ಕೊನೆಯದು ನಮ್ಮದು. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೂ ಶನಿವಾರ ಸಂಜೆ ಐದು ಗಂಟೆಗೆ ಲೈನಿನ ಅಷ್ಟೂ ಜನ ನಮ್ಮ ಜಗಲಿ ಮೇಲೆ. ಮಕ್ಕಳು, ಅವರ ಅಮ್ಮಂದಿರು, ಒಮ್ಮೊಮ್ಮೆ ಮೇಸ್ತ್ರಿಯೂ. ನಾನು ಕತೆ ಹೇಳೋದು, ಅವರು ಕೇಳೋದು. ಎಸ್ಟೇಟಿಗೆ ಸಾಹುಕಾರರು ಯಜಮಾನರಾದರೆ ಶನಿವಾರ ಸಂಜೆಗೆ ನಾನು.

ಅಷ್ಟರಲ್ಲಿ ಬಂದರು ನೋಡಿ, ಇಬ್ಬರು ಟ್ರೈನಿಂಗ್ ಹುಡುಗಿಯರು. ಟೀಚರಾಗೋಕೆ ಓದ್ತಿದ್ದವರು. ಪಾಠ ಮಾಡಿ ಅಭ್ಯಾಸ ಆಗಲಿ ಅಂತ ನಮ್ಮ ಲೈನಿನ ಪಕ್ಕದ ಶಾಲೆಗೆ ಹಾಕಿದ್ದರು. ಒಬ್ಬಳು ಎತ್ತರದವಳು, ಇನ್ನೊಬ್ಬಳು ಪುಟ್ಟವಳು. ಐದು ಶನಿವಾರ ಶಾಲೆಯಲ್ಲಿ ವಿಜ್ಞಾನ ಸಂಜೆ ಮಾಡಬೇಕು, ಮಕ್ಕಳ ಜೊತೆ ಮನೆಮಂದಿಯೆಲ್ಲ ಬರಬೇಕು ಅಂತ ಅವರ ಕಾಲೇಜಿನ ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ಎಷ್ಟು ಹೊತ್ತಿಗೆ ಇಟ್ಟರು ಗೊತ್ತಾ? ಸರಿಯಾಗಿ ಐದಕ್ಕೆ.

೧. ಬೋರ್ಡಿಗೆ ಪಾಠ

ಮೊದಲ ಶನಿವಾರ ಜಗಲಿ ಗುಡಿಸಿ, ಚಾಪೆ ಹಾಸಿ ಕೂತೆ. ಒಂದು ನರಪಿಳ್ಳೆ ಇಲ್ಲ. ನಮ್ಮ ಯಜಮಾನರಾದರೂ ಇದಾರಲ್ಲ ಅಂದುಕೊಂಡರೆ, ಅವರು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೊರಬಂದರು. ಆ ಅಂಗಿ ಮಗಳ ಮದುವೆ ಆದಮೇಲೆ ಪೆಟ್ಟಿಗೆಯಿಂದ ಎದ್ದಿರಲಿಲ್ಲ. ಎಲ್ಲಿಗೆ ಅಂದೆ. ವಿಜ್ಞಾನಕ್ಕೆ ಅಂದರು. ನಲವತ್ತು ವರ್ಷ ನನ್ನ ಕತೆಗೆ ಹೂಂ ಅನ್ನದ ಮನುಷ್ಯ ವಿಜ್ಞಾನಕ್ಕೆ ಹೊರಟಿದ್ದರು. ನಾನೂ ಹಿಂದೆ ಹೋದೆ, ಕೇಳೋಕಲ್ಲ, ನೋಡೋಕೆ.

ಎತ್ತರದವಳು ಪಟಪಟ ಮಾತಾಡಿ ಕೂತಳು. ಆಮೇಲೆ ಪುಟ್ಟವಳು ಎದ್ದಳು. ಎದ್ದವಳೇ ನಮಗೆ ಬೆನ್ನು ಹಾಕಿ, ಗಾಳಿಗೂ ಒತ್ತಡ ಇದೆ ಅಂತ ಕರೀ ಬೋರ್ಡಿಗೆ ವಿವರಿಸತೊಡಗಿದಳು. ನನಗೆ ತಡೀಲಿಲ್ಲ.

"ಬೋರ್ಡಿಗೆ ಅರ್ಥ ಆಯ್ತಂತೆ ಕಣಮ್ಮ. ಇನ್ನು ನಮಗೂ ಸ್ವಲ್ಪ ಹೇಳು."

ಎಲ್ಲರೂ ನಕ್ಕರು. ಪಾಪ, ತಿರುಗಿದಳು, ಗಡಿಬಿಡಿಯಲ್ಲಿ ಲೋಟ ಎತ್ತಿಕೊಂಡಳು. ಲೋಟದ ತುಂಬ ನೀರು, ಮೇಲೆ ಕಾಗದ ಮುಚ್ಚಿ ಮಗುಚಿ ಹಿಡಿದರೆ ನೀರು ಬೀಳೋದಿಲ್ಲ ಅಂತ ತೋರಿಸಬೇಕಿತ್ತು. ನೀರು ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಯಜಮಾನರ ಇಸ್ತ್ರಿ ಅಂಗಿ ಮೇಲೇ ಬಿತ್ತು.

ಮನೆಗೆ ಹೊರಟಾಗ ಎತ್ತರದವಳು ಬಾಗಿಲಲ್ಲಿ ನಿಂತು ನಮಗೆಲ್ಲ ಒಂದು ಸುದ್ದಿ ಹೇಳಿದಳು. ಐದನೇ ಶನಿವಾರ ಕಾಲೇಜಿನ ಮೇಷ್ಟ್ರೇ ಬರ್ತಾರೆ, ಜನರ ಮುಂದೆ ಬಾಯಿ ಬಿಡದಿದ್ದರೆ ಪುಟ್ಟವಳನ್ನ ಪಾಸು ಮಾಡೋದಿಲ್ಲ ಅಂದಿದ್ದಾರೆ ಅಂತ. ಪುಟ್ಟವಳು ಒಳಗೆ ನೆಲ ಒರೆಸುತ್ತಿದ್ದಳು, ಅವಳಿಗೂ ಕೇಳಿಸ್ತು.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಆದರೆ ನನ್ನ ತಲೆಯಲ್ಲಿದ್ದಿದ್ದೇ ಬೇರೆ. ಮೈಯೆಲ್ಲ ಒದ್ದೆಯಾದ ನಮ್ಮ ಯಜಮಾನರು ಅವಳಿಗೆ ಏನಂದರು ಗೊತ್ತಾ? "ಪರವಾಗಿಲ್ಲ ಮಗಾ, ಸೆಕೆ ಇತ್ತು." ನಮ್ಮ ಊರಲ್ಲಿ ಸೆಕೆ. ನಾನು ಪಂಚೆ ಮೇಲೆ ಎರಡು ಹನಿ ಸಾರು ಚೆಲ್ಲಿದ್ದಕ್ಕೆ ಇದೇ ಮನುಷ್ಯ ಮೂರು ದಿನ ಮಾತು ಬಿಟ್ಟಿದ್ದರು.

೨. ಕೆಂಪು ನೀರು

ಎರಡನೇ ಶನಿವಾರ ಪುಟ್ಟವಳು ತಟ್ಟೆಯಲ್ಲಿ ಅರಿಶಿನದ ನೀರು ಇಟ್ಕೊಂಡು ಬಂದಳು. ಸ್ವಲ್ಪ ಸುಣ್ಣ ಬೇಕಿತ್ತು ಅಂದಳು, ನನ್ನ ಎಲೆಅಡಿಕೆ ಡಬ್ಬಿಯಿಂದಲೇ ಕೊಟ್ಟೆ. ಹಾಕಿ ಕಲಸಿದಳು. ನೀರು ಕೆಂಪಾಯ್ತು. "ಈಗ ಏನಾಯ್ತು ನೋಡಿ" ಅಂದಳು.

ಏನಾಯ್ತು ಅಂತ ನಮಗೆ ಹೇಳಿಕೊಡಬೇಕಾ? ಮದುವೆ, ಬಾಣಂತನ, ನಾಮಕರಣ ಅಂತ ಜೀವಮಾನವೆಲ್ಲ ಆರತಿ ತಟ್ಟೆ ಕಲಸಿದವರು ನಾವು. ಅಲ್ಲದೆ ಹೊರಗಿಂದ ಬಂದ ಹೆಣ್ಣುಮಕ್ಕಳು ಹದಿನೈದು ದಿನದಿಂದ ನಮ್ಮಲ್ಲಿದ್ದಾರೆ, ಒಂದು ಆರತಿ ಎತ್ತಿಲ್ಲ ಅನ್ನೋದು ಆಗಲೇ ಎಲ್ಲರಿಗೂ ಹೊಳೀತು. ಕೆಂಪು ನೀರು ಕಣ್ಣೆದುರಿಗೆ ಬಂದಮೇಲೆ ಸುಮ್ಮನೆ ಕೂರೋಕಾಗುತ್ತಾ? ಒಬ್ಬಳು ಬತ್ತಿ ಹೊಸೆದಳು, ಒಬ್ಬಳು ವೀಳ್ಯದೆಲೆ ಇಟ್ಟಳು. ಪುಟ್ಟವಳನ್ನ ಹೆಡ್ ಮೇಷ್ಟ್ರ ಕುರ್ಚಿ ಮೇಲೆ ಕೂರಿಸಿದೆವು. ಲೈನಿನಲ್ಲಿ ಆರತಿ ಹಾಡು ಪೂರ್ತಿ ಬರೋದು ನನಗೊಬ್ಬಳಿಗೇ, ಹಾಗಾಗಿ ನಾನೇ ಹಾಡಿದೆ, ಮೂರು ಸುತ್ತು ಇಳಿ ತೆಗೆದೆ, ಹಣೆಗೆ ಇಟ್ಟೆ, ಉಳಿದ ನೀರು ಗೇಟಿನ ಹತ್ತಿರದ ಸಿಲ್ವರ್ ಮರದ ಬುಡಕ್ಕೆ ಚೆಲ್ಲಿ ಬಂದೆ.

ಹುಡುಗಿ ಕೈಯಲ್ಲಿ ಅರ್ಧ ನಿಂಬೆಹಣ್ಣು ಹಿಡಿದು ಹಾಗೇ ಕೂತಿದ್ದಳು. ನಿಂಬೆಹುಳಿ ಹಿಂಡಿದರೆ ಕೆಂಪು ಮತ್ತೆ ಹಳದಿ ಆಗುತ್ತೆ, ಅದೇ ಆ ದಿನದ ಪಾಠ ಅಂತ ಮೆಲ್ಲಗೆ ಹೇಳಿದಳು. ಹಿಂಡೋಕೆ ನೀರೆಲ್ಲಿದೆ? ಅಷ್ಟರಲ್ಲಿ ನಮ್ಮ ಯಜಮಾನರು, "ನೋಡು, ದೃಷ್ಟಿಗೆ ನಿಂಬೆಹಣ್ಣೂ ತಂದಿದಾಳೆ, ತಿಳುವಳಿಕಸ್ತೆ" ಅಂದರು. ಅವಳಿಗೆ ನಗು ತಡೀಲಿಲ್ಲ. ಬಂದಮೇಲೆ ಮೊದಲ ಸಲ ನಮ್ಮ ಕಡೆ ಮುಖ ಮಾಡಿ ನಕ್ಕಿದ್ದು ಅವತ್ತೇ.

ಎತ್ತರದವಳು ಮಾತ್ರ ಮೂಲೆಯಲ್ಲಿ ಮುಖ ಊದಿಸ್ಕೊಂಡು ನಿಂತಿದ್ದಳು, ತನಗೆ ಯಾಕೆ ಆರತಿ ಎತ್ತಲಿಲ್ಲ ಅಂತ. ಆ ಮುಖ ನೋಡಿ ನನಗೆ ಸಂತೋಷವೇ ಆಯ್ತು, ನಮ್ಮ ಪೈಕಿಯವಳು ಒಬ್ಬಳಿದ್ದಾಳೆ ಅಂತ. ಮನೆಗೆ ಬಂದು ತಟ್ಟೆ ತೊಳೆಯುವಾಗ ಹೊಳೀತು ನೋಡಿ. ನನ್ನ ಜನರನ್ನ ಕಿತ್ಕೊಂಡವಳಿಗೆ ನಾನೇ ಆರತಿ ಎತ್ತಿ ಬಂದಿದ್ದೆ, ಅದೂ ಸುಣ್ಣ ಕೊಟ್ಟು, ಹಾಡು ಹೇಳಿ.

೩. ಎದೆಬಡಿತ

ಮೂರನೇ ಶನಿವಾರ ಎದೆಬಡಿತ ಕೇಳೋದು. ಸೀಮೆಎಣ್ಣೆ ಹಾಕೋ ಲಾಳಿಕೆಗೆ ಗಿಡಕ್ಕೆ ಔಷಧಿ ಹೊಡೆಯೋ ಪೈಪಿನ ತುಂಡು ಸಿಕ್ಕಿಸಿದ್ದರು. ಮನೆಮನೆಯವರು ಒಬ್ಬರದೊಬ್ಬರು ಕೇಳಬೇಕು ಅಂದಳು ಎತ್ತರದವಳು. ನಮ್ಮ ಗಂಡಸರು ಹೆಂಡತಿ ಪಕ್ಕ ನಡೆಯೋಕೇ ನಾಚುವವರು, ಎಲ್ಲರೆದುರು ಎದೆಗೆ ಲಾಳಿಕೆ ಇಡ್ತಾರಾ? ಅಷ್ಟೂ ಜನ ಹೆಂಚು ಎಣಿಸುತ್ತ ಕೂತರು. ಎತ್ತರದವಳು ಲಾಳಿಕೆ ಮೇಜಿನ ಮೇಲಿಟ್ಟಳು.

ಆಗ ಪುಟ್ಟವಳು ಲಾಳಿಕೆ ತಗೊಂಡು ನೇರ ನಮ್ಮ ಹತ್ತಿರ ಬಂದಳು.

"ಅಜ್ಜಿ, ಜೋರು ಬರೀ ಬಾಯಲ್ಲಿ ಮಾತ್ರವಾ, ಎದೆಯಲ್ಲಿ ಧೈರ್ಯವೂ ಇದೆಯಾ?" ಅಂದಳು.

ಇಡೀ ಶಾಲೆ ಹೋ ಅಂತು. ನನಗೆ ಅಂಥ ಮಾತು ಹೇಳಿದವರು ಅದುವರೆಗೆ ಇರಲಿಲ್ಲ. ಧೈರ್ಯಕ್ಕೇನು ಕಮ್ಮಿ ಅಂತ ಸೆರಗಿನ ಮೇಲೆ ಲಾಳಿಕೆ ಒತ್ತಿ ಹಿಡಿದೆ. ಯಜಮಾನರು ಪೈಪಿನ ಇನ್ನೊಂದು ತುದಿ ಕಿವಿಗಿಟ್ಟು ಕಣ್ಣು ಮುಚ್ಚಿದರು. ತುಂಬ ಹೊತ್ತು ಕೇಳಿದರು. ನನಗೂ ಒಳಗೆ ಏನೋ ಒಂದು ಥರ ಆಯ್ತು ಅನ್ನಿ. ಕೊನೆಗೆ ಪುಟ್ಟವಳು, "ಏನು ಕೇಳ್ತಿದೆ ಅಜ್ಜ?" ಅಂದಳು.

"ಎಂಥ ಕೇಳೋದು ಮಾರಾಯ್ತಿ," ಅಂದರು, "ಇವಳು ಒಳಗೂ ಮಾತು ನಿಲ್ಲಿಸಿಲ್ಲ."

೪. ಕಡುಬಿನ ಸಂಜೆ

ನಾಲ್ಕನೇ ಶನಿವಾರ ನಾನು ಮುನಿಸಿಕೊಂಡು ಮನೆಯಲ್ಲೇ ಉಳಿದೆ. ಯಾರಾದರೂ ಕರೆಯೋಕೆ ಬರಬೇಕಲ್ಲ, ಬರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ.

ತಿಂಗಳ ಹಿಂದೆ ಅರ್ಧಕ್ಕೆ ನಿಲ್ಲಿಸಿದ್ದ ಕತೆ ಒಂದಿತ್ತು. ಹಂಡೆಯೊಳಗೆ ಕೂಡಿಹಾಕಿದ ರಾಕ್ಷಸ, ಹಂಡೆ ಮುಚ್ಚಳ ಅಲ್ಲಾಡತೊಡಗಿತು, ಅಲ್ಲಿಗೆ ನಿಲ್ಲಿಸಿದ್ದೆ. ಐದನೇ ಶನಿವಾರ ಅದರ ಉಳಿದ ಭಾಗ ಹೇಳ್ತೀನಿ, ಕಡುಬು ಕೋಳಿಸಾರೂ ಇದೆ ಅಂತ ಹತ್ತೂ ಮನೆಗೆ ಹೇಳಿಬಂದೆ. ಮೊಟ್ಟೆ ಇಡೋ ಹ್ಯಾಟೆ ಕೋಳಿಯನ್ನೇ ಕೊಯ್ಸಿದೆ. ಅವತ್ತು ಮೇಷ್ಟ್ರು ಬರೋ ದಿನ ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಬಹುದು. ಗೊತ್ತಿತ್ತು.

ಐದನೇ ಶನಿವಾರ ಜಗಲಿ ತುಂಬಿ ಅಂಗಳಕ್ಕೆ ಇಳೀತು ಜನ. ಇಸ್ತ್ರಿ ಅಂಗಿಯೂ ನನ್ನ ಪಕ್ಕದಲ್ಲೇ. ಹೊರಗಿನ ಒಲೆ ಮೇಲೆ ಕಡುಬು ಬೇಯುತ್ತಿತ್ತು. ನಾನು ಕತೆ ಎತ್ತಿಕೊಂಡೆ. ರಾಜ್ಯ ಗೆದ್ದಂಗಾಗಿತ್ತು.

ಆಗ ಪುಟ್ಟವಳು ಒಬ್ಬಳೇ ಬಂದು ಅಂಗಳದ ತುದಿಯಲ್ಲಿ ನಿಂತಳು. ಶಾಲೆ ಖಾಲಿ, ಬೆಂಚುಗಳು ಮಾತ್ರ ಇವೆ, ಮೇಷ್ಟ್ರು ಬಸ್ಸಿಳಿದು ಬರ್ತಿದಾರೆ ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅತ್ತರೆ ನನ್ನ ಕತೆ ಕೆಡ್ತಿತ್ತು, ಅಳಲಿಲ್ಲ. ಮುಂದೆ ಬಂದು ಮಕ್ಕಳ ಮಧ್ಯೆ ಕೂತಳು.

"ಅಜ್ಜಿ, ಹಂಡೆ ಮುಚ್ಚಳ ಅಲ್ಲಾಡಿಸಿದ್ದು ಯಾರು?"

"ರಾಕ್ಷಸ. ಮತ್ತಿನ್ಯಾರು?"

"ಹಾಗಾದರೆ ನಿಮ್ಮ ಪಾತ್ರೆಯೊಳಗೆ ಯಾರಿದ್ದಾರೆ?"

ಎಲ್ಲರ ತಲೆಯೂ ಒಲೆ ಕಡೆ ತಿರುಗಿತು. ಕಡುಬಿನ ಪಾತ್ರೆ ಮುಚ್ಚಳ ಟಕಟಕ ಕುಣೀತಿತ್ತು. ಎದ್ದು ಒಲೆ ಹತ್ತಿರ ಹೋದಳು ಹುಡುಗಿ. ನೀರು ಆವಿಯಾದರೆ ಎಷ್ಟು ಜಾಗ ಬೇಡುತ್ತೆ, ಜಾಗ ಸಿಗದಿದ್ದರೆ ಹೇಗೆ ತಳ್ಳುತ್ತೆ ಅಂತ ನಮ್ಮ ಮುಖ ನೋಡಿಕೊಂಡೇ ಹೇಳಿದಳು. ತಣ್ಣನೆ ಸ್ಟೀಲ್ ತಟ್ಟೆಯನ್ನ ಆವಿ ಮೇಲೆ ಹಿಡಿದು ಹನಿ ಉದುರಿಸಿ, ಚಾರ್ಮಾಡಿ ಕಡೆಯಿಂದ ಮೋಡ ಬಂದು ಗುಡ್ಡಕ್ಕೆ ತಾಗೋದೂ ಹೀಗೇ ಅಂದಳು.

ಅಷ್ಟರಲ್ಲಿ ನೋಡ್ತೀನಿ, ಅಂಗಳದಲ್ಲಿ ಎತ್ತರದವಳ ಜೊತೆ ಒಬ್ಬರು ದಪ್ಪ ಕನ್ನಡಕದವರು. ಮೇಷ್ಟ್ರು. ನಾನು ಬಾಯಿ ತೆಗೆದು ರಾಕ್ಷಸನನ್ನ ಹೊರಗೆ ಬಿಟ್ಟಿದ್ದರೆ ಸಾಕಿತ್ತು, ಜನ ನನ್ನ ಕಡೆ ವಾಲ್ತಿದ್ದರು. ನಾಲಿಗೆ ತುದಿಗೇ ಬಂದಿತ್ತು. ಆದರೆ ಈ ಹುಡುಗಿ ಕೆಣಕಿದಷ್ಟೂ ಚೆನ್ನಾಗಿ ಮಾತಾಡ್ತಾಳೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕತೆ ನುಂಗಿಕೊಂಡು ಕೆಣಕಿದೆ. ಆವಿ ಕಣ್ಣಿಗೆ ಕಾಣಲ್ಲ ಅಂತೀಯಲ್ಲ, ಇದ್ದಿದ್ದು ಹೆಂಗೆ ಗೊತ್ತು ಅಂದೆ. ಮುಚ್ಚಳಕ್ಕೆ ಕಲ್ಲು ಹೇರಿದರೆ ಏನು ಮಾಡುತ್ತೆ ಅಂದೆ. ಒಂದಕ್ಕೂ ತಡವರಿಸಲಿಲ್ಲ. ಒಂದೆರಡು ಸಲ ನನ್ನ ಬಾಯಿಯನ್ನೇ ಮುಚ್ಚಿಸಿದಳು.

ಮೇಷ್ಟ್ರು ಆರು ಕಡುಬು ತಿಂದು, ಕೈ ತೊಳೆದು, ಜಗಲಿ ಕಟ್ಟೆ ಮೇಲೆ ಅವಳ ಪುಸ್ತಕ ಇಟ್ಕೊಂಡು ಬರೆದರು. ಪಾಠಕ್ಕೆ ಏನೇನು ಸಾಮಾನು ಬಳಸಿದರು ಅಂತ ಅದರಲ್ಲಿ ಒಂದು ಜಾಗ ಇರುತ್ತಂತೆ, ಪಾಠೋಪಕರಣ ಅಂತ. ನಾಲ್ಕನೇ ಕ್ಲಾಸು ಓದಿದ್ದ ನಮ್ಮ ಯಜಮಾನರು ಕತ್ತು ಚಾಚಿ ಎಲ್ಲರಿಗೂ ಕೇಳೋ ಹಾಗೆ ಓದಿದರು.

"ಅತ್ಯುತ್ತಮ. ಪಾಠೋಪಕರಣಗಳು: ಕಡುಬಿನ ಪಾತ್ರೆ ಒಂದು, ಸ್ಟೀಲ್ ತಟ್ಟೆ ಒಂದು, ಅಜ್ಜಿ ಒಂದು."

ಜಗಲಿ ಮೇಲಿದ್ದವರು ಹೊಟ್ಟೆ ಹಿಡಿದು ಉರುಳಾಡಿದರು. ನಾನು ನಗಲಿಲ್ಲ. ಮೇಷ್ಟ್ರನ್ನೇ ಕೇಳಿದೆ: "ಅಲ್ಲ ಸ್ವಾಮಿ, ಪಾತ್ರೆಯನ್ನ ಯಾಕೆ ನನಗಿಂತ ಮೊದಲು ಹಾಕಿದಿರಿ?"

ಆಮೇಲೆ ಯಾರ್ಯಾರು ಏನಾದರು ಅಂತ ಕೇಳ್ತೀರಾ. ಮೇಷ್ಟ್ರು ರಿಟೈರಾದರು, ಆಮೇಲೆ ಸುದ್ದಿ ಇಲ್ಲ. ಎತ್ತರದವಳೂ ಪಾಸಾದಳು, ಮೂಡಿಗೆರೆ ಹತ್ತಿರ ಟೀಚರು. ಈಗಲೂ ಸಿಕ್ಕಿದರೆ ಮೊದಲು ಕೇಳೋದು, ಪುಟ್ಟವಳು ಎಷ್ಟು ಸಲ ಬಂದು ಹೋದಳು ಅಂತ. ನಮ್ಮ ಯಜಮಾನರು ಹೋಗಿ ನಾಲ್ಕು ಮಳೆಗಾಲ ಆಯ್ತು. ಅಂಗಿ ನನ್ನ ಪೆಟ್ಟಿಗೆಯಲ್ಲಿದೆ. ರಾಕ್ಷಸ ಇನ್ನೂ ಹಂಡೆಯೊಳಗೇ ಇದ್ದಾನೆ, ಆ ಕತೆ ಮುಗಿಸೋಕೆ ಮತ್ತೆ ಆಗಲೇ ಇಲ್ಲ.

ಪುಟ್ಟವಳು ಕಳಸದ ಹತ್ತಿರದ ಶಾಲೆಯಲ್ಲಿ ಹೆಡ್ ಮಿಸ್ಸು. ಹೋದ ವರ್ಷ, ಅಜ್ಜಿ ಬಂದು ಮಕ್ಕಳಿಗೆ ಒಂದು ಕತೆ ಹೇಳಬೇಕು ಅಂತ ಜೀಪು ಕಳಿಸಿದಳು. ಹೋದೆ, ಕುರ್ಚಿ ಹಾಕಿದರು, ಕೂತೆ. ನನ್ನ ಪರಿಚಯ ಮಾಡಿಕೊಡೋಕೆ ಅಂತ ಎದ್ದಳು ನೋಡಿ, ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು, ನಾನೂ ಕೇಳಿದೆ. ಅವಳು ಮುಗಿಸೋ ಹೊತ್ತಿಗೆ ಮನೆಗೆ ಬಿಡೋ ಬೆಲ್ಲು ಹೊಡೀತು.