ಅತ್ತೆಯ ಡಚ್ ಬೆಲ್ಟು

"ಸೊಂಟಕ್ಕೆ ಕಟ್ಕೊ. ನಾಲ್ಕೇ ದಿನ, ಡಚ್ಚು ನಿಂಗೆ ನೀರು ಕುಡಿದಷ್ಟು ಸಲೀಸಾಗುತ್ತೆ" ಎಂದು ನಮ್ಮತ್ತೆ ಗಂಗಲಕ್ಷ್ಮಮ್ಮ ಎದೆಯುಬ್ಬಿಸಿ ನಿಂತರು. ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರಾಗಿದ್ದವರು. ಹಳೇ ವಾಷಿಂಗ್ ಮಷೀನಿನ ಮೋಟರು, ಸ್ಕೂಟರ್ ಹೆಲ್ಮೆಟ್ಟು, ನನ್ನ ಹೊಸ ಬೆಲ್ಟು ಸೇರಿಸಿ ಯಂತ್ರ ಮಾಡಿದ್ದರು. ಬೆಲ್ಟು ಹಾಳಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಆದರೆ ಬೇರೆ ಗತಿಯಿರಲಿಲ್ಲ. ನನ್ನ ಗಂಡ ಲೋಹಿತ ರಾಟರ್‌ಡ್ಯಾಮ್ ಬಂದರಿನಲ್ಲಿ ಕ್ರೇನು ರಿಪೇರಿ ಮಾಡುತ್ತಾನೆ. ಅವನ ಹತ್ತಿರ ಹೋಗಬೇಕೆಂದರೆ ನಾನು ಡಚ್ ಪರೀಕ್ಷೆ ಪಾಸಾಗಬೇಕು. ಎರಡು ಸಲ ಡುಮ್ಕಿ ಹೊಡೆದಿದ್ದೆ. ಮದುವೆಯಾಗಿ ಒಂದೂವರೆ ವರ್ಷ ಫೋನಿನಲ್ಲೇ ಸಂಸಾರ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು ನಾನು, ಡಚ್ಚು ಅದರ ದಾಯಾದಿ ತಾನೇ, ಏನು ಮಹಾ ಅಂದುಕೊಂಡಿದ್ದೆ. ಕ್ರಿಯಾಪದಗಳು ಮಣ್ಣು ಮುಕ್ಕಿಸಿದವು. ಕೆಲಸ ಮಾಡು ಎನ್ನುವ 'ವೆರ್ಕನ್' ಥರದ ಸಾಧುಗಳು ಬಾಲ ಸೇರಿಸಿಕೊಂಡು 'ವೆರ್ಕ್‌ಟೆ' ಎಂದು ಭೂತಕಾಲಕ್ಕೆ ಹೋಗುತ್ತವೆ. ಹೋಗು ಎನ್ನುವ 'ಖಾನ್' ಥರದ ದಾರಿ ತಪ್ಪಿದ್ದು ಮಾತ್ರ 'ಖಿಂಗ್' ಆಗಿ ವೇಷವನ್ನೇ ಬದಲಿಸುತ್ತದೆ.

ಹೆಲ್ಮೆಟ್ಟಿನೊಳಗೆ ಕೂರಿಸಿದ್ದ ಸ್ಪೀಕರಿನ ದನಿ ಸಾಧು ಪದ ಹೇಳಿದಾಗ ಬೆಲ್ಟು ಸುಮ್ಮನಿತ್ತು. ದಾರಿ ತಪ್ಪಿದ ಪದ ಬಂತೋ, ನನ್ನನ್ನು ಕೆಳಕ್ಕೆಳೆದು ಮೇಲಕ್ಕೆತ್ತಿತು. ಅತ್ತೆಯ ಅಪ್ಪಣೆಯಂತೆ ಕಿವಿ ಹಿಡಿದು ಬಸ್ಕಿ!

"ತಪ್ಪಿದ್ದು ಕ್ರಿಯಾಪದ. ಬಸ್ಕಿ ನಂಗ್ಯಾಕತ್ತೆ?"

"ಒಬ್ಬ ತಪ್ಪು ಮಾಡಿದ್ರೆ ಇಡೀ ಲೈನಿಗೇ ಹೊಡೆಸ್ತಿದ್ದೆ ಕಣೇ. ಎಲ್ರೂ ಪಾಸಾದ್ರು."

ನಾಲ್ಕನೇ ದಿನಕ್ಕೆ ನೂರು ಪದ ಬಾಯಿಪಾಠ. ಬೆಲ್ಟು ಬಿಚ್ಚಿಟ್ಟು ಲೋಹಿತನಿಗೆ ವಿಡಿಯೋ ಕಾಲ್ ಮಾಡಿ ಡಚ್ಚಿನಲ್ಲಿ ಶುರುಮಾಡಿದೆ. 'ಬಂದೆ' ಎನ್ನುವಷ್ಟರಲ್ಲಿ ಕೈಗಳು ತಾವಾಗಿಯೇ ಕಿವಿ ಹಿಡಿದವು, ಮಂಡಿ ಮಡಿಚಿಕೊಂಡಿತು. ತಿಂದೆ, ಕುಡಿದೆ, ಮಲಗಿದೆ: ಬೆಳಗಾದರೆ ಬೇಕಾಗುವ ಪದಗಳೆಲ್ಲ ದಾರಿ ತಪ್ಪಿದವೇ. ಗಣಪತಿ ಹಬ್ಬ ಇಷ್ಟು ಬೇಗ ಬಂತಾ ಎಂದು ಅವನು ಕೇಳಿದ. ಅತ್ತೆ ಚಟ ಬಿಡಿಸುತ್ತೇನೆಂದು ಮತ್ತೆ ಬೆಲ್ಟು ಕಟ್ಟಿ ಮೋಟರನ್ನು ಉಲ್ಟಾ ತಿರುಗಿಸಿದರು. ಬಸ್ಕಿ ಹೋಗಲಿಲ್ಲ, ಜೊತೆಗೊಂದು ನೆಗೆತ ಬಂತು.

ಪರೀಕ್ಷೆಯಲ್ಲಿ ಕಂಪ್ಯೂಟರು, ನಿನ್ನೆ ಏನು ಮಾಡಿದಿರಿ ಎಂದು ಕೇಳಿತು. ನಾನೇನು ಕಮ್ಮಿಯೇ? ಸಾಧು ಪದಗಳನ್ನೇ ಹೆಕ್ಕಿ, ಕೆಲಸ ಮಾಡಿದೆ, ಅಡುಗೆ ಮಾಡಿದೆ, ಕುಣಿದೆ ಎಂದು ಕುರ್ಚಿ ಬಿಡದೆ ಹೇಳಿದೆ. ಆಮೇಲೆ, ನೆದರ್ಲೆಂಡಿಗೆ ಯಾಕೆ ಎಂಬ ಪ್ರಶ್ನೆ. ಗಂಡ ಅಲ್ಲಿದ್ದಾನೆ, ಹೋಗಬೇಕು, ಅವನನ್ನು ನೋಡಬೇಕು. ಒಂದಾದರೂ ಸಾಧು ಪದ ಸಿಗಬೇಡವೇ? ಕಣ್ಣೀರು ಸುರಿಸುತ್ತಲೇ ಬಸ್ಕಿ ಹೊಡೆದೆ, ನೆಗೆದೆ, ಎಲ್ಲವನ್ನೂ ಹೇಳಿದೆ. ಕಂಪ್ಯೂಟರಿಗೆ ಕಿವಿ ಮಾತ್ರ ಇತ್ತು, ಕಣ್ಣಿರಲಿಲ್ಲ. ಪಾಸಾದೆ!

ಈಗ ರಾಟರ್‌ಡ್ಯಾಮಿನಲ್ಲಿದ್ದೇನೆ. ಬಾಯಿ ಬಿಟ್ಟರೆ ಈಗಲೂ ಬಸ್ಕಿಯೇ. ಇದು ನಮ್ಮೂರಿನ ಮರ್ಯಾದೆ ಎಂದುಕೊಂಡು ತರಕಾರಿಯವನೂ ಕಿವಿ ಹಿಡಿದು ಬಸ್ಕಿ ಹೊಡೆಯುತ್ತಾನೆ, ಹಿಂದೆಯೇ ಕ್ಯೂನಲ್ಲಿದ್ದವರೆಲ್ಲ. ನನಗಾಗಿ ಹಗಲಿರುಳು ಹಂಬಲಿಸಿದ ಲೋಹಿತ ಮಾತ್ರ, ಮಾರ್ಕೆಟ್ಟಿಗೆ ಹೋದಾಗ ನನ್ನಿಂದ ನಾಲ್ಕು ಮಾರು ದೂರ ನಡೆಯುತ್ತಾನೆ.