ಅಪ್‌ಡೇಟ್ ಆದ ನವಿಲು

ನಮ್ಮ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳಿ ಯಾರೂ ಏನೂ ಮಾಡುವುದಿಲ್ಲ. ಗಂಡ ಕೇಳದೆ ಸೋಫಾ ಬದಲಿಸುತ್ತಾರೆ, ಮಗಳು ಕೇಳದೆ ಕೂದಲು ಕತ್ತರಿಸಿಕೊಂಡು ಬರುತ್ತಾಳೆ. ಹಾಗಿರುವಾಗ ದಿನಾ ಬೆಳಿಗ್ಗೆ ವಿನಯದಿಂದ "ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?" ಎಂದು ನನ್ನ ಅಪ್ಪಣೆ ಕೇಳುತ್ತಿದ್ದದ್ದು ನಮ್ಮ ಕಸೂತಿ ಯಂತ್ರ ಒಂದೇ. ಬೇರೆಲ್ಲೂ ನಡೆಯದ ನನ್ನ ದರ್ಪವನ್ನೆಲ್ಲ ಅದರ ಮೇಲೆ ತೋರಿಸಿ, ದಿನಾ "ಆಮೇಲೆ" ಎಂಬ ಗುಂಡಿ ಒತ್ತುತ್ತಿದ್ದೆ.

ನಾನೂ ನನ್ನ ಓರಗಿತ್ತಿ ವಿಮಲಾಳೂ ಸೇರಿ ಕಾಮಾಕ್ಷಿಪಾಳ್ಯದಲ್ಲಿ ಈ ಒಂದೇ ಯಂತ್ರದ ಎಂಬ್ರಾಯ್ಡರಿ ಅಂಗಡಿ ನಡೆಸುತ್ತೇವೆ. ಯಂತ್ರದ ದೇಹ ನೋಡಲು ರಾಕ್ಷಸನ ಹಾಗಿದ್ದರೂ ಅದರ ಬುದ್ಧಿಯೆಲ್ಲ ಇರುವುದು ಪಕ್ಕಕ್ಕೆ ಅಂಟಿಕೊಂಡ, ಊಟದ ತಟ್ಟೆಯಷ್ಟಗಲದ ಟಚ್ ಪರದೆಯಲ್ಲಿ. ಅದರೊಳಗೇ ಒಂದು ಕಂಪ್ಯೂಟರಿದೆ. ಅದು ಹೇಳಿದಂತೆ ಬಟ್ಟೆ ಬಿಗಿದ ಫ್ರೇಮು ಅತ್ತಿತ್ತ ಓಡುತ್ತದೆ, ಸೂಜಿ ಕುಣಿಯುತ್ತದೆ. ವಿಮಲಾಗೆ ಸೂಜಿ, ದಾರ, ಎಣ್ಣೆಯ ಉಸ್ತುವಾರಿ. ಪರದೆಯ ಉಸ್ತುವಾರಿ ನನಗೆ. ಈ ಹಂಚಿಕೆಯನ್ನು ಮಾಡಿದವಳೂ ನಾನೇ, ಕಂಪ್ಯೂಟರ್ ಕೋರ್ಸ್ ಮಾಡಿದವಳು ಎಂಬ ಹಮ್ಮಿನಲ್ಲಿ.

ಅಂದು ಮಧ್ಯಾಹ್ನ ಫ್ರೇಮಿನಲ್ಲಿದ್ದದ್ದು ಹೊಸಹಳ್ಳಿಯ ಚೈತ್ರಾಳ ರವಿಕೆ ಬಟ್ಟೆ. ಮರುದಿನ ಸಂಜೆ ಅವಳ ರಿಸೆಪ್ಷನ್. ಬೆನ್ನ ಮೇಲೆ ನವಿಲು ಬೇಕೆಂದು ಆಸೆಪಟ್ಟವಳಿಗೆ ಅವಳಜ್ಜಿ ತಮ್ಮ ಮದುವೆ ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಟಿದ್ದರು. ಇನ್ನೊಂದು ತುಂಡು ಪ್ರಪಂಚದಲ್ಲೆಲ್ಲೂ ಸಿಗದು. ಚೈತ್ರಾ ಎದುರಿಗೇ ಕೂತು, ಮೆಹೆಂದಿ ಹಚ್ಚಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಕತ್ತು ಬಂತು, ಒಡಲು ಬಂತು, ಎಡರೆಕ್ಕೆ ಬಂತು. ಬಲರೆಕ್ಕೆ ಶುರುವಾಗಬೇಕು, ಅಷ್ಟರಲ್ಲಿ ಸೂಜಿ ಬಟ್ಟೆಯೊಳಗೆ ಇಳಿದದ್ದು ಇಳಿದಂತೆಯೇ ಯಂತ್ರ ನಿಂತುಬಿಟ್ಟಿತು. ಪರದೆ ಎಲ್ಲಿ ಒತ್ತಿದರೂ ಮಿಸುಕಲಿಲ್ಲ.

ಯಂತ್ರ ಮಾರಿದವರ ಕಡೆಯ ಎಂಜಿನಿಯರಿಗೆ ಫೋನ್ ಮಾಡಿದೆ. "ಹಳೇ ಸಿಸ್ಟಮ್ ಕೆಟ್ಟಿದೆ ಮೇಡಂ. ಅಪ್‌ಡೇಟ್ ಮಾಡೇ ಇಲ್ವಾ? ಫೈಲ್ ಕಳಿಸ್ತೀನಿ, ಪೆನ್‌ಡ್ರೈವ್‌ಗೆ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡ್ಕೊಳ್ಳಿ" ಎಂದ. ಅವನು ಫೋನಿನಲ್ಲೇ ಹೇಳುತ್ತಾ ಹೋದಂತೆ ಎಲ್ಲ ಮಾಡಿದೆ. ಪರದೆಯ ಮೇಲೆ "ಆರಂಭಿಸಲೇ?" ಎಂದು ಬಂತು. ಇಷ್ಟು ದಿನದ ಪಾಪಕ್ಕೆ ಪರಿಹಾರವೆಂಬಂತೆ ತಕ್ಷಣ ಒತ್ತಿದೆ.

"ಒತ್ತೋ ಮುಂಚೆ ಸೂಜಿ ಬಟ್ಟೆಯಿಂದ ಮೇಲೆ ಎತ್ತಿಬಿಡಿ ಮೇಡಂ," ಎಂದ ಅವನು. "ಮುಗಿದ ಕೂಡ್ಲೇ ಫ್ರೇಮ್ ತಾನಾಗೇ ಮೂಲೆಗೆ ಓಡುತ್ತೆ. ಸೂಜಿ ಒಳಗಿದ್ರೆ ಬಟ್ಟೆ ಹರಿದೇ ಹೋಗುತ್ತೆ."

"ಒತ್ತಾಯ್ತಲ್ಲಪ್ಪಾ! ಆಫ್ ಮಾಡ್ಲಾ?"

"ಅಯ್ಯೋ ಬೇಡಿ! ನಡುವೆ ಪವರ್ ಹೋದ್ರೆ ಒಳಗಿನ ಕಂಪ್ಯೂಟರ್ ಬೋರ್ಡೇ ಸತ್ತೋಗುತ್ತೆ. ಯಂತ್ರದ ಪಕ್ಕದಲ್ಲಿರೋ ಚಕ್ರ ಕೈಯಲ್ಲೇ ತಿರುಗಿಸಿ, ಸೂಜಿ ಮೇಲೆ ಬರುತ್ತೆ."

ಚಕ್ರ ತಿರುಗಲಿಲ್ಲ. ವಿಮಲಾ ಬಗ್ಗಿ ನೋಡಿದಳು. ಅಡಿಯಲ್ಲಿ ದಾರ ಗಂಟುಗಂಟಾಗಿ ಸೂಜಿಯನ್ನು ಹಿಡಿದುಕೊಂಡಿತ್ತು. ತನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತರಿ ಹಿಡಿದು ಯಂತ್ರದ ಕೆಳಗೆ ಅಂಗಾತ ಮಲಗಿದಳು. ಪರದೆಯ ಮೇಲೆ ನೀಲಿ ಪಟ್ಟಿ ಮೆಲ್ಲಮೆಲ್ಲಗೆ ತುಂಬತೊಡಗಿತು. ಅಷ್ಟರಲ್ಲೇ ಕರೆಂಟು ಹೋಯಿತು. ಯಂತ್ರ ಆರದಂತೆ ಹಿಡಿದಿಟ್ಟದ್ದು ಹಳೆಯ ಯುಪಿಎಸ್. ಅದು ಕೊರಳು ಹಿಸುಕಿದಂತೆ ಕೀಂ ಕೀಂ ಎನ್ನತೊಡಗಿತು.

ಈಗ ನಾನು ದೇವರಲ್ಲಿ ಏನೆಂದು ಬೇಡಲಿ? ಯುಪಿಎಸ್ ಉಳಿದರೆ ಬಟ್ಟೆ ಹರಿಯುತ್ತದೆ, ಅದು ಸತ್ತರೆ ನಮ್ಮಿಬ್ಬರ ಜೀವನವೇ ಹರಿಯುತ್ತದೆ. ನನ್ನ ಪ್ರಾರ್ಥನೆ ಒಂದೊಂದು ಉಸಿರಿಗೆ ಒಂದೊಂದು ಕಡೆ ವಾಲುತ್ತಿತ್ತು.

"ಆಂಟೀ, ಅದು ಅಜ್ಜಿ ಸೀರೆ," ಎಂದಳು ಚೈತ್ರಾ. ಮರುಕ್ಷಣ ತಾನೇ ನೆಲಕ್ಕೆ ಕೂತು, ಮೆಹೆಂದಿ ಕೈಯಲ್ಲೇ ಮೊಬೈಲಿನ ಬೆಳಕು ಬಿಟ್ಟಳು. "ಇಲ್ಲಿ ಇನ್ನೊಂದು ಎಳೆ ಇದೆ, ನೋಡಿ."

"ಅಕ್ಕಾ, ಎಷ್ಟು ತುಂಬ್ತು?" ಕೆಳಗಿಂದ ವಿಮಲಾ.

"ಇನ್ನು ಸ್ವಲ್ಪ ಇದೆ ಕಣೇ. ಬೇಗ!"

"ನೀನು ಬೇಗ ಒತ್ತಿದ್ದಕ್ಕೇ ಇಲ್ಲಿ ಬಿದ್ದಿದೀನಿ. ಗಂಟು ಬಿಟ್ತು, ಈಗ ಚಕ್ರ ತಿರುಗಿಸು!"

ಪಟ್ಟಿ ತುಂಬಿತು. ಅದೇ ಹೊತ್ತಿಗೆ ಕರೆಂಟೂ ಬಂತು. ನಾನು ಎರಡೂ ಕೈಯಿಂದ ಚಕ್ರ ಎಳೆದೆ. ಟಕ್ ಎಂದು ಸೂಜಿ ಮೇಲೆದ್ದಿತು, ಅದರ ಬೆನ್ನಿಗೇ ಫ್ರೇಮು ಧಡಕ್ಕನೆ ಮೂಲೆಗೆ ಓಡಿತು. ಚೈತ್ರಾ ಕಣ್ಣು ಮುಚ್ಚಿಕೊಂಡಳು. ಬಟ್ಟೆ ಎಲ್ಲೂ ಹರಿದಿರಲಿಲ್ಲ.

ಆದರೆ ಹೊಸ ಸಿಸ್ಟಮ್‌ಗೆ ಹಳೆಯ ನವಿಲಿನ ನೆನಪೇ ಇರಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಹೊಲಿಸಲು ದಾರಿಯಿರಲಿಲ್ಲ. ಇನ್ನೊಮ್ಮೆ ಯಂತ್ರಕ್ಕೆ ಕೊಡುವ ಧೈರ್ಯ ಚೈತ್ರಾಳಿಗೂ ಇರಲಿಲ್ಲ. "ಕೈಯಲ್ಲೇ ಹಾಕಿ ಆಂಟಿ" ಎಂದಳು. ವಿಮಲಾಳ ಬೆರಳಿಗೆ ಕತ್ತರಿ ತಗುಲಿ ಬ್ಯಾಂಡೇಜು ಬಿದ್ದಿದ್ದರಿಂದ ಬಲರೆಕ್ಕೆ ಪೂರ್ತಿ ನನ್ನ ಪಾಲಿಗೆ ಬಂತು. ಕೈಕಸೂತಿ ಮಾಡಿ ಎಷ್ಟು ಕಾಲವಾಗಿತ್ತೋ! ಮುಗಿದಾಗ ವಿಮಲಾ ಅತ್ತಿಂದ ನೋಡಿದಳು, ಇತ್ತಿಂದ ನೋಡಿದಳು, "ದೂರದಿಂದ ಚೆನ್ನಾಗಿದೆ" ಎಂದಳು.

ರಿಸೆಪ್ಷನ್‌ಗೆ ನಮ್ಮಿಬ್ಬರನ್ನೂ ಕರೆದಿದ್ದಳು. ಚೈತ್ರಾ ಮಿಂಚುತ್ತಿದ್ದಳು. ಬೆನ್ನು ಕಾಣಿಸಲೆಂದೇ ಜಡೆಯನ್ನು ಮುಂದಕ್ಕೆ ಹಾಕಿಕೊಂಡಿದ್ದಳು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕನ್ನಡಕ ಏರಿಸಿ ತೀರಾ ಹತ್ತಿರದಿಂದ ನೋಡಿ, ನನ್ನ ಕಡೆ ತಿರುಗಿದರು. "ನೀವೇ ಅಂತಲ್ಲ ಮಾಡಿದ್ದು? ಈ ರೆಕ್ಕೆ ನವಿಲಿಂದೇ. ಆ ಕಡೇದು ಯಾಕಮ್ಮಾ ಕೋಳೀದು ಇದ್ದಂಗಿದೆ?"

ವಿಮಲಾ ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಕ್ಷಣವೂ ತಡವರಿಸದೆ ಹೇಳಿದೆ: "ಸಾಫ್ಟ್‌ವೇರ್ ಪ್ರಾಬ್ಲಂ ಅಮ್ಮಾ."